ಸಿಡುಬಿನ ಲೆಕ್ಕ: ಯಾರ ಮಗು, ಯಾರ ತೀರ್ಮಾನ?

ಆರೋಗ್ಯವಾಗಿ ಆಡಿಕೊಂಡಿರುವ ನಾಲ್ಕು ವರ್ಷದ ಮಗುವಿನ ತೋಳಿನಲ್ಲಿ ಸಣ್ಣದೊಂದು ಗಾಯ ಮಾಡಿ, ಸಿಡುಬು ರೋಗಿಯ ಗುಳ್ಳೆಯಿಂದ ತೆಗೆದ ಕೀವನ್ನು ಅದರೊಳಗೆ ಸವರಬೇಕು. ಅಂದರೆ ಮಗುವಿಗೆ ಬೇಕೆಂದೇ ಸಿಡುಬು ಬರಿಸಬೇಕು. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಂಡು ಮುಂದೆ ಆ ರೋಗದ ಭಯವಿಲ್ಲದೆ ಬದುಕುತ್ತಾರೆ. ಕೆಲವರು ಸಾಯುತ್ತಾರೆ. ಏನೂ ಮಾಡದೆ ಬಿಟ್ಟರೆ ಮಗು ಇವತ್ತಿಗೆ ಕ್ಷೇಮ. ಆದರೆ ಇಂದಲ್ಲ ನಾಳೆ ಸಿಡುಬು ಊರಿಗೆ ಬಂದೇ ಬರುತ್ತದೆ. ಬಂದಾಗ ತಾನು ಹಿಡಿದವರಲ್ಲಿ ಆರೇಳು ಮಂದಿಗೆ ಒಬ್ಬರಂತೆ ಒಯ್ಯುತ್ತದೆ. ತಂದೆ ತಾಯಿ ಏನು ಮಾಡಬೇಕು?

ಇದು ತರ್ಕದ ತರಗತಿಗಾಗಿ ಹೆಣೆದ ಒಗಟಲ್ಲ. 18ನೇ ಶತಮಾನದ ನಡುವಿನ ದಶಕಗಳಲ್ಲಿ ಲಂಡನ್, ಪ್ಯಾರಿಸ್, ಬೋಸ್ಟನ್ ನಗರಗಳ ಸಾವಿರಾರು ಮನೆಗಳು ನಿಜವಾಗಿಯೂ ಎದುರಿಸಿದ ಪ್ರಶ್ನೆ. ಆ ಕಾಲದ ವಿಜ್ಞಾನವೆಂದರೆ ಶಾಲಾ ಪುಸ್ತಕಗಳಿಂದ ನಮಗೆ ನೆನಪಾಗುವುದು ಬೇರೆಯೇ: 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗುಡುಗು ಮೋಡದ ಕೆಳಗೆ ಹಾರಿಸಿದ ಗಾಳಿಪಟ, 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಎರಡೆರಡು ಪದಗಳ ಹೆಸರಿಟ್ಟದ್ದು, ನಡುಗಡಲಿನಲ್ಲಿ ಹಡಗು ಎಲ್ಲಿದೆಯೆಂದು ತಿಳಿಯಲು ನೆರವಾಗುವ ಗಡಿಯಾರವನ್ನು ಜಾನ್ ಹ್ಯಾರಿಸನ್ 1759ರಲ್ಲಿ ಮುಗಿಸಿದ್ದು, 1760ರ ದಶಕದಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರವನ್ನು ತಿದ್ದಿದ್ದು. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಇವುಗಳಲ್ಲಿ ಯಾವುದೂ ಸಾಮಾನ್ಯ ಮನುಷ್ಯನನ್ನು ಅವನ ಮಗುವಿನ ತೊಟ್ಟಿಲ ಬಳಿ ನಿಲ್ಲಿಸಿ ‘ನೀನೇ ಹೇಳು’ ಎಂದು ಕೇಳಲಿಲ್ಲ. ಸಿಡುಬಿನ ಸೂಜಿ ಕೇಳಿತು. ಅಪಾಯವನ್ನು ಅಂಕಿಗಳಲ್ಲಿ ಅಳೆದು, ಆ ಅಂಕಿಯ ಬಲದ ಮೇಲೆ ಧಾರ್ಮಿಕ, ನೈತಿಕ ಪ್ರಶ್ನೆಯೊಂದನ್ನು ಬಗೆಹರಿಸಬಹುದೇ ಎಂಬ ದೊಡ್ಡ ಚರ್ಚೆ ಹುಟ್ಟಿಕೊಂಡದ್ದೂ ಈ ಸೂಜಿಯ ಸುತ್ತಲೇ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಇದು ಎಡ್ವರ್ಡ್ ಜೆನ್ನರ್‌ನ ಲಸಿಕೆಯಲ್ಲ. ಜೆನ್ನರ್ ಹುಟ್ಟಿದ್ದು 1749ರಲ್ಲಿ. ಹಸುವಿನ ಸಿಡುಬಿನಿಂದ ನಿರಪಾಯಕರವಾದ ಲಸಿಕೆಯನ್ನು ಆತ ಪ್ರಯೋಗಿಸಿದ್ದು 1796ರಲ್ಲಿ. ಅದಕ್ಕೂ ಹಿಂದೆ ಇದ್ದದ್ದು ಮನುಷ್ಯರ ಸಿಡುಬನ್ನೇ ಮನುಷ್ಯರಿಗೆ ಹಾಕುವ ಪದ್ಧತಿ. ಬಾಲಕ ಜೆನ್ನರ್‌ಗೂ 1757ರಲ್ಲಿ, ವಾರಗಟ್ಟಲೆ ಉಪವಾಸ ಕೆಡವಿ ರಕ್ತ ತೆಗೆದು, ಹೀಗೆಯೇ ಸಿಡುಬು ಹಾಕಲಾಗಿತ್ತು. ಚರ್ಮದ ಮೂಲಕ ಒಳಹೊಕ್ಕ ರೋಗ ಏಕೋ ಸೌಮ್ಯವಾಗಿರುತ್ತಿತ್ತು, ಅಷ್ಟೇ. ಏಕೆಂದು ಆ ಶತಮಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯುರೋಪಿನ ವಿದ್ವಾಂಸರು ಈ ವಿದ್ಯೆಯನ್ನು ಕಂಡುಹಿಡಿಯಲಿಲ್ಲ, ಕೇಳಿ ತಿಳಿದುಕೊಂಡರು. ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ವೈದ್ಯ ಟಿಮೋನಿ ಬರೆದ ವರದಿ 1714ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಸ್ಮಾನೀ ಸಾಮ್ರಾಜ್ಯಕ್ಕೆ ಬ್ರಿಟಿಷ್ ರಾಯಭಾರಿಯಾಗಿ ಬಂದವನ ಪತ್ನಿ ಲೇಡಿ ಮೇರಿ ವೋರ್ಟ್ಲಿ ಮಾಂಟೆಗ್ಯೂ 1717ರಲ್ಲಿ ಎಡಿರ್ನೆಯಿಂದ ಗೆಳತಿಗೆ ಬರೆದ ಪತ್ರದಲ್ಲಿ, ಮುದುಕಿಯರು ಕಾಯಿಯ ಚಿಪ್ಪಿನಲ್ಲಿ ಕೀವು ತುಂಬಿಕೊಂಡು ಮನೆಮನೆಗೆ ಬಂದು ಸೂಜಿಯಿಂದ ಚುಚ್ಚಿ ಹೋಗುವುದನ್ನು ವಿವರಿಸಿದಳು. ಆಕೆಯ ತಮ್ಮ ಸಿಡುಬಿನಿಂದಲೇ ಸತ್ತಿದ್ದ. ಆಕೆಯ ಮುಖವನ್ನೂ ಅದು ಕೆಡಿಸಿತ್ತು. 1718ರಲ್ಲಿ ತನ್ನ ಮಗನಿಗೆ, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೆ ಆಕೆ ಸಿಡುಬು ಹಾಕಿಸಿದಳು. ಅದೇ ಹೊತ್ತಿಗೆ ಬೋಸ್ಟನ್ನಿನ ಪಾದ್ರಿ ಕಾಟನ್ ಮೇದರ್‌ಗೆ ಈ ವಿದ್ಯೆ ಹೇಳಿಕೊಟ್ಟವನು ಅವನ ಮನೆಯ ಗುಲಾಮ ಒನೆಸಿಮಸ್. ಆಫ್ರಿಕದಲ್ಲಿ ತನಗೆ ಹೀಗೆ ಮಾಡಿದ್ದರೆಂದು ಆತ ತೋಳಿನ ಕಲೆ ತೋರಿಸಿದ್ದ. ಇನ್ನು ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯಾಗಿದ್ದ ಹಾಲ್ವೆಲ್ 1767ರಲ್ಲಿ ಲಂಡನ್ನಿನ ವೈದ್ಯರಿಗಾಗಿ ಒಂದು ಪುಸ್ತಿಕೆ ಬರೆದು, ಕಾಶಿ, ಅಲಹಾಬಾದ್, ಬೃಂದಾವನಗಳ ಕಡೆಯ ಬ್ರಾಹ್ಮಣರು ಬೇಸಿಗೆಗೆ ಮುನ್ನ ಊರೂರು ಸುತ್ತಿ, ಹಿಂದಿನ ವರ್ಷದ ಕೀವಿನಲ್ಲಿ ಅದ್ದಿಟ್ಟ ಹತ್ತಿಯನ್ನು ಗಂಗಾಜಲದಲ್ಲಿ ನೆನೆಸಿ ಗಾಯಕ್ಕೆ ಕಟ್ಟುತ್ತಾರೆ, ಮೀನು, ಹಾಲು, ತುಪ್ಪಗಳ ಪಥ್ಯ ಹೇಳುತ್ತಾರೆ, ತಣ್ಣೀರು ಸುರಿಯುತ್ತಾರೆ ಎಂದು ವರದಿ ಮಾಡಿದ.

ಇಲ್ಲಿ ನಮ್ಮವರಲ್ಲಿ ಹಲವರಿಗೆ ಎದೆಯುಬ್ಬುತ್ತದೆ. ಲಸಿಕೆಯ ಮೂಲ ಮುಸ್ಲಿಮ್ ಜಗತ್ತು ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿದ್ದೇವೆ. ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳ ಸಮೇತ ವಿವರಿಸಿ ಗ್ರಂಥ ಬರೆದವರು ಅರ್ರಾಝಿ ಎಂಬುದು ನಿಜ. ಅವರ ಆ ಗ್ರಂಥದ ಅರಬಿ ಮೂಲವನ್ನು ಲ್ಯಾಟಿನ್ ಅನುವಾದದೊಡನೆ 1766ರಲ್ಲಿ, ಅಂದರೆ ಇದೇ ಚರ್ಚೆಯ ಕಾವಿನ ನಡುವೆ, ಲಂಡನ್ನಿನಲ್ಲಿ ಅಚ್ಚು ಹಾಕಿದರು. ಆದರೆ ಲೇಡಿ ಮೇರಿಯ ಮಗನಿಗೆ ಚುಚ್ಚಿದ ಮುದುಕಿ ಗ್ರೀಕಳು. ಟಿಮೋನಿ ಈ ಪದ್ಧತಿಯನ್ನು ಸರ್ಕಾಸಿಯ, ಜಾರ್ಜಿಯಗಳ ಜನರದ್ದು ಎನ್ನುತ್ತಾನೆ. ಸರ್ಕಾಸಿಯದಲ್ಲಿ ಹೆಣ್ಣುಮಕ್ಕಳ ಚೆಲುವು ಕೆಡದಿರಲಿ, ಅಂತಃಪುರಗಳಿಗೆ ಮಾರುವಾಗ ಬೆಲೆ ಇಳಿಯದಿರಲಿ ಎಂದು ಹೀಗೆ ಮಾಡುತ್ತಿದ್ದರು ಎಂದು ವಾಲ್ಟೇರ್ ಬರೆದಿದ್ದಾನೆ. ವಾಲ್ಟೇರ್‌ನ ಮಾತಿನಲ್ಲಿ ಪೂರ್ವದವರ ಬಗ್ಗೆ ತಾತ್ಸಾರವಿದೆ, ಅತಿಶಯೋಕ್ತಿಯೂ ಇರಬಹುದು. ಆದರೆ ಸರ್ಕಾಸಿಯದ ಹುಡುಗಿಯರು ಇಸ್ತಾಂಬುಲಿನಲ್ಲಿ ಮಾರಾಟವಾಗುತ್ತಿದ್ದುದು ಸುಳ್ಳಲ್ಲ. ಪರಂಪರೆಯ ಹೆಮ್ಮೆ ಬೇಕಾದವರು ಈ ಪುಟವನ್ನೂ ಜೊತೆಗೇ ಓದಬೇಕಾಗುತ್ತದೆ. ನನ್ನ ಮಟ್ಟಿಗೆ, ಜ್ಞಾನ ಯಾರದ್ದು ಎಂಬ ಪ್ರಶ್ನೆಗಿಂತ ಅದನ್ನು ಯಾರ ಮೈಮೇಲೆ ಪರೀಕ್ಷಿಸಿದರು ಎಂಬ ಪ್ರಶ್ನೆ ಹೆಚ್ಚು ತೂಕದ್ದು.

ಆ ಪರೀಕ್ಷೆಯ ಕತೆ ಹೀಗಿದೆ. 1721ರ ಆಗಸ್ಟ್‌ನಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನ ಆರು ಕೈದಿಗಳಿಗೆ, ಮೂವರು ಗಂಡಸರು ಮತ್ತು ಮೂವರು ಹೆಂಗಸರಿಗೆ, ಒಂದು ಆಯ್ಕೆ ಕೊಡಲಾಯಿತು: ಸಿಡುಬು ಹಾಕಿಸಿಕೊಂಡರೆ ಕ್ಷಮಾದಾನ. ಆರೂ ಮಂದಿ ಒಪ್ಪಿದರು. ನೇಣುಗಂಬದ ನೆರಳಿನಲ್ಲಿ ನಿಂತವರ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದನ್ನು ಓದುಗರೇ ಅಂದಾಜು ಮಾಡಲಿ. ಆರೂ ಮಂದಿ ಬದುಕಿದರು, ಬಿಡುಗಡೆಯಾದರು. ಅವರಲ್ಲಿ ಎಲಿಜಬೆತ್ ಹ್ಯಾರಿಸನ್ ಎಂಬ ಯುವತಿಯನ್ನು, ನಿಜಕ್ಕೂ ರೋಗನಿರೋಧ ಬಂದಿದೆಯೇ ಎಂದು ನೋಡಲು, ಸಿಡುಬು ಹರಡಿದ್ದ ಊರಿಗೆ ಕಳಿಸಿ ರೋಗಿಗಳ ಆರೈಕೆಗೆ ಹಚ್ಚಿದರು. ಆಕೆಗೆ ರೋಗ ತಗಲಲಿಲ್ಲ. ಆಮೇಲೆ ಅನಾಥಾಲಯದ ಮಕ್ಕಳ ಸರದಿ ಬಂತು. ಇಷ್ಟಾದ ಮೇಲೆ, 1722ರ ಏಪ್ರಿಲ್‌ನಲ್ಲಿ, ರಾಜಕುಮಾರನ ಇಬ್ಬರು ಹೆಣ್ಣುಮಕ್ಕಳಿಗೆ ಸಿಡುಬು ಹಾಕಲಾಯಿತು. ಕೈದಿ, ಅನಾಥ, ನಂತರ ರಾಜಪುತ್ರಿ: ಈ ಅನುಕ್ರಮದಲ್ಲೇ ಒಂದು ಸಮಾಜದ ನೀತಿಶಾಸ್ತ್ರ ಇಡಿಯಾಗಿ ಅಡಗಿದೆ.

ಬೋಸ್ಟನ್ನಿನಲ್ಲಿ ಅದೇ ವರ್ಷ ಭೀಕರ ಸಿಡುಬು. ಸುಮಾರು 6000 ಮಂದಿಗೆ ತಗಲಿ 844 ಮಂದಿ ಸತ್ತರು. ವೈದ್ಯ ಬಾಯ್ಲ್‌ಸ್ಟನ್ ಮೊದಲ ದಿನ ಮೂವರಿಗೆ ಸಿಡುಬು ಹಾಕಿದ: ತನ್ನ ಆರು ವರ್ಷದ ಮಗನಿಗೆ, ಮತ್ತು ತನ್ನ ಇಬ್ಬರು ಗುಲಾಮರಿಗೆ, ಅವರಲ್ಲೊಬ್ಬ ಪುಟ್ಟ ಬಾಲಕ. ಮೂವರೂ ಬದುಕಿದರು. ಮುಂದೆ ಸುಮಾರು 240 ಮಂದಿಗೆ ಹಾಕಿದಾಗ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ನಲವತ್ತಕ್ಕೆ ಒಬ್ಬರು, ಸಹಜವಾಗಿ ಬಂದವರಲ್ಲಿ ಏಳಕ್ಕೆ ಒಬ್ಬರು. ಜನ ಈ ಅಂಕಿಗಳನ್ನು ನೋಡಿ ಮೆಚ್ಚಲಿಲ್ಲ. ಮೇದರ್‌ನ ಮನೆಯ ಕಿಟಕಿಯಿಂದ ಒಳಗೆ ಕೈಬಾಂಬು ಎಸೆದರು. ಅದು ಸಿಡಿಯಲಿಲ್ಲ.

ಇಲ್ಲಿಂದ 1760ರ ಪ್ಯಾರಿಸ್‌ಗೆ ಬರೋಣ. ಆರು ವರ್ಷದ ಹಿಂದೆ ಲಾ ಕೊಂಡಮಿನ್ ಎಂಬ ವಿಜ್ಞಾನಿ ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿ ಸಿಡುಬು ಹಾಕಿಸುವುದರ ಪರವಾಗಿ ಗಟ್ಟಿಯಾಗಿ ವಾದಿಸಿದ್ದ. ಆದರೂ ಫ್ರಾನ್ಸ್ ಹಿಂಜರಿಯುತ್ತಿತ್ತು. 1760ರ ಏಪ್ರಿಲ್‌ನಲ್ಲಿ ಗಣಿತಜ್ಞ ಡೇನಿಯಲ್ ಬರ್ನೌಲಿಯ ಪ್ರಬಂಧ ಅಕಾಡೆಮಿಯ ಮುಂದೆ ಬಂತು. ಬ್ರೆಸ್ಲಾವ್ (ಇಂದಿನ ಪೋಲೆಂಡಿನ ವ್ರೋತ್ಸ್ವಾಫ್) ಪಟ್ಟಣದ ಮರಣದ ಲೆಕ್ಕಗಳಿಂದ ಹ್ಯಾಲಿ ತಯಾರಿಸಿದ್ದ ಕೋಷ್ಟಕವನ್ನು ಆತ ಮುಂದಿಟ್ಟುಕೊಂಡ. ಸಿಡುಬು ಬಾರದವರಲ್ಲಿ ವರ್ಷಕ್ಕೆ ಎಂಟಕ್ಕೆ ಒಬ್ಬರಿಗೆ ಅದು ತಗಲುತ್ತದೆ, ತಗಲಿದವರಲ್ಲಿ ಎಂಟಕ್ಕೆ ಒಬ್ಬರು ಸಾಯುತ್ತಾರೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದ. ಸಿಡುಬಿರುವ ಜಗತ್ತಿನಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 26 ವರ್ಷ 7 ತಿಂಗಳು. ಸಿಡುಬೇ ಇಲ್ಲದಿದ್ದರೆ 29 ವರ್ಷ 9 ತಿಂಗಳು. ಸಿಡುಬು ಹಾಕಿಸಿಕೊಂಡ ಇನ್ನೂರು ಮಂದಿಯಲ್ಲಿ ಒಬ್ಬ ಸಾಯುತ್ತಾನೆಂದು ಹಿಡಿದರೂ ಈ ಲಾಭದಲ್ಲಿ ಕಡಿಮೆಯಾಗುವುದು ಅತ್ಯಲ್ಪ. ಎಂದರೆ ಹೆಚ್ಚುಕಡಿಮೆ ಮೂರು ವರ್ಷದ ಬದುಕು ಪ್ರತಿಯೊಬ್ಬರಿಗೂ ಉಚಿತ. ಇನ್ನೇನು ಬೇಕು? ಇದು ರೋಗವೊಂದರ ಮೇಲೆ ಗಣಿತವನ್ನು ಇಷ್ಟು ವ್ಯವಸ್ಥಿತವಾಗಿ ಪ್ರಯೋಗಿಸಿದ ಮೊದಲ ಯತ್ನಗಳಲ್ಲೊಂದು. ಇಂದು ಸಾಂಕ್ರಾಮಿಕಗಳ ಕಾಲದಲ್ಲಿ ಸರಕಾರಗಳು ನಂಬುವ ಲೆಕ್ಕಾಚಾರಗಳಿಗೆಲ್ಲ ಇದು ಅಜ್ಜ.

ಅದೇ ವರ್ಷದ ನವೆಂಬರ್‌ನಲ್ಲಿ ಅದೇ ಅಕಾಡೆಮಿಯಲ್ಲಿ ದಲಾಂಬೇರ್ ಎದ್ದು ನಿಂತ. ಆತನೂ ದೊಡ್ಡ ಗಣಿತಜ್ಞ. ಸಿಡುಬು ಹಾಕಿಸುವುದರ ವಿರೋಧಿಯಲ್ಲ, ಅದರ ಪರವೇ. ಆದರೆ ಬರ್ನೌಲಿಯ ಲೆಕ್ಕ ಆ ತೀರ್ಮಾನಕ್ಕೆ ಸಾಕಾಗುವುದಿಲ್ಲ ಎಂದ. ಆತನ ವಾದದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮೂರು ವರ್ಷದ ಲಾಭ ಸಿಗುವುದು ಬದುಕಿನ ಕೊನೆಯಲ್ಲಿ, ಅಪಾಯ ಇರುವುದು ಇದೇ ವಾರ. ಮೂವತ್ತು ವರ್ಷಗಳಾಚೆ ಸಿಗುವ ಮುದಿ ವರ್ಷಗಳನ್ನೂ ಇವತ್ತಿನ ಹರೆಯದ ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇನ್ನೊಂದು ಮಾತು, ರಾಜ್ಯದ ದೃಷ್ಟಿಗೆ ಎಲ್ಲ ಪ್ರಜೆಗಳೂ ಒಂದೇ. ನೂರೊಂದು ಮಂದಿ ಬದುಕಿ ಒಬ್ಬ ಸತ್ತರೆ ಅದಕ್ಕೆ ಲಾಭ. ಆದರೆ ಆ ಒಬ್ಬನಿಗೆ, ಆ ಒಬ್ಬನ ತಾಯಿಗೆ, ಸರಾಸರಿ ಎಂಬುದೊಂದು ಇಲ್ಲವೇ ಇಲ್ಲ. ಹೊಳೆಯ ಸರಾಸರಿ ಆಳ ಮೂರಡಿ ಎಂದು ನಂಬಿ ಇಳಿದವನು ನಡುವಿನಲ್ಲಿ ಮುಳುಗಿದ ಕತೆ ನಮಗೂ ಗೊತ್ತಿದೆ. ಹಿಂಜರಿಯುವ ತಾಯಿ ಮೂಢಳಲ್ಲ, ಆಕೆಯ ಹಿಂಜರಿಕೆಯಲ್ಲಿ ವಿವೇಕವಿದೆ, ಅದಕ್ಕೆ ಗಣಿತ ಇನ್ನೂ ಉತ್ತರ ಕೊಟ್ಟಿಲ್ಲ ಎಂಬುದು ದಲಾಂಬೇರ್‌ನ ನಿಲುವು.

ಒಂದು ಚಿಕ್ಕ ವಿಷಯವನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಬರ್ನೌಲಿಗೂ ಮದುವೆಯಾಗಿರಲಿಲ್ಲ, ದಲಾಂಬೇರ್‌ಗೂ ಆಗಿರಲಿಲ್ಲ. ತೊಟ್ಟಿಲ ಬಳಿ ನಿಂತು ನಿರ್ಧರಿಸಬೇಕಾದ ಸಂಕಟ ಇಬ್ಬರಿಗೂ ಇರಲಿಲ್ಲ. ಆದರೆ ದಲಾಂಬೇರ್ 1717ರಲ್ಲಿ ಹೆತ್ತ ತಾಯಿ ಪ್ಯಾರಿಸ್ಸಿನ ಚರ್ಚೊಂದರ ಮೆಟ್ಟಿಲ ಮೇಲೆ ಬಿಟ್ಟುಹೋದ ಕೂಸು. ಗಾಜು ಕೂರಿಸುವ ಕೆಲಸಗಾರನ ಹೆಂಡತಿ ಅವನನ್ನು ಸಾಕಿ ಬೆಳೆಸಿದಳು. ಸಾವಿರ ಶಿಶುಗಳ ಸಾಲಿನಲ್ಲಿ ಒಂದೇ ಒಂದು ಶಿಶುವನ್ನು ಕಾಣುವ ಕಣ್ಣು ಅವನಿಗೆ ಎಲ್ಲಿಂದ ಬಂತೆಂದು ನಾನು ಹೇಳಲಾರೆ, ಆದರೆ ಬರ್ನೌಲಿಯ ಕೋಷ್ಟಕಗಳ ನಡುವೆ ಆ ಕಣ್ಣು ಬೇಕಾಗಿತ್ತು.

ಹಾಗಾದರೆ ದಲಾಂಬೇರ್ ಹೇಳಿದ್ದೇ ಕೊನೆಯ ಮಾತೇ? ಅಲ್ಲ ಎನ್ನಲು ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಗಾಳಿಪಟದ ಫ್ರಾಂಕ್ಲಿನ್‌ಗೆ ಫ್ರಾನ್ಸಿಸ್ ಎಂಬ ಮಗನಿದ್ದ. ಫ್ರಾಂಕ್ಲಿನ್ ಸಿಡುಬು ಹಾಕಿಸುವುದನ್ನು ಬೆಂಬಲಿಸುತ್ತಿದ್ದವನೇ, ಆದರೆ ಮಗನಿಗೆ ಇನ್ನೂ ಹಾಕಿಸಿರಲಿಲ್ಲ. 1736ರ ನವೆಂಬರ್‌ನಲ್ಲಿ ನಾಲ್ಕು ವರ್ಷದ ಆ ಮಗು ಸಿಡುಬಿನಿಂದ ತೀರಿಕೊಂಡಿತು. ದಶಕಗಳ ನಂತರ ಆತ್ಮಕತೆಯಲ್ಲಿ ಆತ ಆ ಪಶ್ಚಾತ್ತಾಪವನ್ನು ತೋಡಿಕೊಂಡಿದ್ದಾನೆ. ಇನ್ನೊಂದೆಡೆ ಅಮೆರಿಕದ ಹೆಸರಾಂತ ಧರ್ಮಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್. ಇಂದು ಪ್ರಿನ್ಸ್‌ಟನ್ ಎನಿಸಿಕೊಂಡಿರುವ ಕಾಲೇಜಿನ ಅಧ್ಯಕ್ಷನಾಗಿ 1758ರಲ್ಲಿ ಬಂದವನು, ಊರಿನ ಹತ್ತಿರ ಸಿಡುಬು ಕಾಣಿಸಿಕೊಂಡಾಗ ತಾನೇ ಮುಂದಾಗಿ ಹಾಕಿಸಿಕೊಂಡ. ಒಂದು ತಿಂಗಳೊಳಗೆ, ಮಾರ್ಚ್ 22ರಂದು, ಅದರಿಂದಲೇ ಸತ್ತ. ಒಬ್ಬ ಮಾಡದೆ ಕಳೆದುಕೊಂಡ, ಇನ್ನೊಬ್ಬ ಮಾಡಿ ಸತ್ತ.

ಫ್ರಾಂಕ್ಲಿನ್‌ನ ವಾದ ಸರಳವಾಗಿದೆ. ಹಾಕಿಸಿ ಮಗು ಸತ್ತರೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರೆ ಎಂದು ಹೆದರುವ ತಂದೆ ತಾಯಿಗಳಿಗೆ ಆತ ಹೇಳುವುದು, ಹಾಕಿಸದೆ ಸತ್ತರೂ ಅದೇ ವ್ಯಥೆ ಕಾದಿದೆ. ವ್ಯಥೆ ಎರಡೂ ಕಡೆ ಸಮವಾಗಿರುವಾಗ ಅಪಾಯ ಕಡಿಮೆಯಿರುವ ಕಡೆಗೆ ಹೋಗುವುದೇ ಸರಿ. ತಾನೇ ಸುಟ್ಟುಕೊಂಡವನ ಮಾತು ಇದು, ಹಾಗಾಗಿ ತೂಕವಿದೆ. ಆದರೂ ಎರಡು ವ್ಯಥೆಗಳು ಪೂರ್ತಿ ಸಮವೇ? ನನ್ನ ಕೈಯಿಂದ ನಡೆದದ್ದು ಮತ್ತು ನಾನು ತಡೆಯದೆ ಬಿಟ್ಟದ್ದು, ಇವೆರಡರ ನಡುವೆ ಮನಸ್ಸು ಒಂದು ಗೆರೆ ಎಳೆಯುತ್ತದೆ. ಆ ಕಾಲದ ಅನೇಕ ಪಾದ್ರಿಗಳು ಆ ಗೆರೆಯನ್ನೇ ಗೋಡೆಯಾಗಿ ಕಟ್ಟಿದರು. ಎಡ್ಮಂಡ್ ಮ್ಯಾಸಿ ಎಂಬಾತ 1722ರಲ್ಲಿ ಲಂಡನ್ನಿನಲ್ಲಿ ಮಾಡಿದ ಪ್ರವಚನದಲ್ಲಿ, ರೋಗ ದೇವರು ಕಳಿಸುವ ಪರೀಕ್ಷೆ ಅಥವಾ ಶಿಕ್ಷೆ, ಅದನ್ನು ಮನುಷ್ಯ ತನ್ನ ಕೈಯಿಂದ ಹಚ್ಚುವುದು ಸೈತಾನನ ಕೆಲಸ ಎಂದು ಸಾರಿದ. ನಮ್ಮ ನಡುವೆಯೂ ತವಕ್ಕುಲ್ ಎಂಬ ಪದವನ್ನು ಹೀಗೆ ಸೋಮಾರಿತನದ ಹೊದಿಕೆಯಾಗಿಸಿಕೊಂಡವರು ಇದ್ದರು, ಇದ್ದಾರೆ.

ಈ ವಾದಕ್ಕೆ ಉತ್ತರ ಹುಡುಕಲು 18ನೇ ಶತಮಾನದವರೆಗೆ ಕಾಯಬೇಕಿರಲಿಲ್ಲ. ಖಲೀಫ ಉಮರ್(ರ) ಸಿರಿಯದ ಕಡೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಇದೆಯೆಂಬ ಸುದ್ದಿ ಬಂತು. ಸಮಾಲೋಚನೆ ನಡೆಸಿ ಹಿಂದಿರುಗಲು ತೀರ್ಮಾನಿಸಿದರು. ದೇವನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ದೇವನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟ ಉಮರ್(ರ), ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದು ಕೇಳಿದರು. ವಿಧಿಯ ಹೆಸರು ಹೇಳಿ ಬರಡು ಬದಿಯನ್ನು ಆರಿಸಿಕೊಳ್ಳಬೇಕಿಲ್ಲ ಎಂಬುದು ಇದರ ಸಾರ. ಎರಡು ಕೆಡುಕುಗಳಲ್ಲಿ ಕಿರಿದನ್ನು ಆಯ್ದುಕೊಳ್ಳಬೇಕೆಂದು ನಮ್ಮ ಫಿಕ್‌ಹ್ ಹೇಳುವುದೂ ಇದನ್ನೇ. ಹಾಗಾಗಿ ಕೇವಲ ವಿಧಿಯ ಪ್ರಶ್ನೆಯಾಗಿದ್ದರೆ ಫ್ರಾಂಕ್ಲಿನ್ ಗೆದ್ದ, ವಾದ ಮುಗಿಯಿತು.

ಆದರೆ ಮುಗಿಯುವುದಿಲ್ಲ. ಏಕೆಂದರೆ ಕಣಿವೆಯಲ್ಲಿ ನನ್ನ ಒಂಟೆ ಮಾತ್ರವಿಲ್ಲ. ಸಿಡುಬು ಹಾಕಿಸಿಕೊಂಡ ಮಗು ಗುಣವಾಗುವ ತನಕ ನಿಜವಾದ ಸಿಡುಬನ್ನೇ ಮೈಯಲ್ಲಿ ಹೊತ್ತಿರುತ್ತದೆ, ಇತರರಿಗೆ ಹರಡಬಲ್ಲದು. ಸ್ಥಿತಿವಂತರು ತಮ್ಮ ಮಗುವನ್ನು ದೊಡ್ಡ ಬಂಗಲೆಯ ಕೋಣೆಯಲ್ಲಿ ಸೌಮ್ಯವಾದ ಸಿಡುಬಿನೊಡನೆ ಮಲಗಿಸಿದರೆ, ಬಟ್ಟೆ ಒಗೆಯಲು ಬರುವ ಹೆಂಗಸು ಅದನ್ನು ತನ್ನ ಗುಡಿಸಲಿಗೆ ಒಯ್ಯುತ್ತಾಳೆ. ಅಲ್ಲಿ ಅದು ಸೌಮ್ಯವಾಗಿರುವುದಿಲ್ಲ. ಪ್ಯಾರಿಸ್ಸಿನಲ್ಲಿ ಸಿಡುಬು ಹೆಚ್ಚಿದಾಗ ಇದನ್ನೇ ಕಾರಣವೆಂದು ದೂರಿ, 1763ರಲ್ಲಿ ಅಲ್ಲಿನ ಉಚ್ಚ ನ್ಯಾಯಮಂಡಳಿಯು ವೈದ್ಯಶಾಸ್ತ್ರ ಹಾಗೂ ಧರ್ಮಶಾಸ್ತ್ರ ವಿಭಾಗಗಳು ಅಭಿಪ್ರಾಯ ಕೊಡುವವರೆಗೆ ನಗರದೊಳಗೆ ಸಿಡುಬು ಹಾಕುವುದನ್ನು ನಿಷೇಧಿಸಿತು. ಈ ನಿಷೇಧವನ್ನು ಮೂಢನಂಬಿಕೆಯೆಂದು ಗೇಲಿ ಮಾಡುವವರು ಹೆಚ್ಚು. ನನಗೆ ಹಾಗೆನಿಸುವುದಿಲ್ಲ. ಬರ್ನೌಲಿಯ ಸೂತ್ರದಲ್ಲಿ ನೆರೆಮನೆಯ ಮಗುವಿಗೆ ಜಾಗವೇ ಇರಲಿಲ್ಲ. ರೋಗ ತಗಲುವ ಸಂಭವವನ್ನು ಆತ ಎಲ್ಲರಿಗೂ ಎಲ್ಲ ಕಾಲಕ್ಕೂ ಎಂಟಕ್ಕೆ ಒಂದು ಎಂದು ಕಟ್ಟಿಹಾಕಿದ್ದ. ನನ್ನ ಮಗುವಿಗೆ ಹಾಕಿಸಿದ್ದರಿಂದ ಪಕ್ಕದ ಮನೆಯ ಮಗುವಿನ ಸಂಭವ ಏರುತ್ತದೆ ಎಂಬುದು ಆ ಕೋಷ್ಟಕದಲ್ಲಿ ಕಾಣದು. ನಮ್ಮ ಮೇಲಿನ ಕೆಡುಕನ್ನು ಇನ್ನೊಬ್ಬರ ಮೇಲೆ ಹೊರಿಸಿ ನೀಗಿಕೊಳ್ಳಬಾರದು ಎಂಬ ಮಾತೂ ಅದೇ ಫಿಕ್‌ಹ್‌ನಲ್ಲಿದೆ, ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿವರ್ಯರ(ಸ) ಒತ್ತು ಎಂಥದ್ದೆಂದು ಓದುಗರಿಗೆ ಹೇಳಬೇಕಿಲ್ಲ. ಅಂದ ಮೇಲೆ ಹಾಕಿಸಬಾರದು ಎಂದಲ್ಲ. ಹಾಕಿಸುವುದಾದರೆ ಊರಿಗೆಲ್ಲ ಒಟ್ಟಿಗೆ ಹಾಕಿಸಬೇಕು, ಬಡವನಿಗೂ, ಒಂದೇ ದಿನ. ಇಂಗ್ಲೆಂಡಿನ ಹಳ್ಳಿಗಳು ಅನುಭವದಿಂದ ಈ ತೀರ್ಮಾನಕ್ಕೆ ಬಂದವು. 1760ರ ದಶಕದಲ್ಲಿ ಸಟನ್ ಎಂಬ ವೈದ್ಯ ಕುಟುಂಬ ಆಳವಿಲ್ಲದ ಗೀರಿನಿಂದ ಕೆಲಸ ಮುಗಿಸುವ ಕ್ರಮವನ್ನು ರೂಢಿಗೆ ತಂದಾಗ, ಕೆಲವು ಊರುಗಳು ಚರ್ಚಿನ ಬಡವರ ನಿಧಿಯಿಂದ ಹಣ ಕೊಟ್ಟು ಎಲ್ಲರಿಗೂ ಒಮ್ಮೆಗೇ ಹಾಕಿಸಿದವು. ಆದರೆ ಸಟನ್ ಕುಟುಂಬ ತನ್ನ ಔಷಧಿಯ ಗುಟ್ಟನ್ನು ಬಿಟ್ಟುಕೊಡಲಿಲ್ಲ, ಅದನ್ನು ದುಡ್ಡಾಗಿಸಿಕೊಂಡಿತು. ಇಸ್ತಾಂಬುಲಿನ ಮುದುಕಿಯಲ್ಲಿ ಗುಟ್ಟೇನೂ ಇರಲಿಲ್ಲ.

ನಂಬಿಕೆಯ ಪ್ರಶ್ನೆ ಬರುವುದು ಇಲ್ಲಿ. ಅಂಕಿಯನ್ನು ಯಾರು ಹೇಳುತ್ತಿದ್ದಾರೆ, ಅವರು ತಾವು ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದನ್ನು ಜನ ಗಮನಿಸುತ್ತಾರೆ, ಗಮನಿಸಲೇಬೇಕು. ಲೇಡಿ ಮೇರಿ ತನ್ನ ಮಕ್ಕಳಿಗೆ ಮೊದಲು ಹಾಕಿಸಿದಳು. ರಷ್ಯದ ರಾಣಿ ಕ್ಯಾಥರೀನ್ 1768ರಲ್ಲಿ ಇಂಗ್ಲೆಂಡಿನಿಂದ ಥಾಮಸ್ ಡಿಮ್ಸ್‌ಡೇಲ್ ಎಂಬ ವೈದ್ಯನನ್ನು ಕರೆಸಿ ಮೊದಲು ತನಗೇ, ಆಮೇಲೆ ಮಗನಿಗೆ ಹಾಕಿಸಿಕೊಂಡಳು. ಚಕ್ರವರ್ತಿನಿಗೆ ಏನಾದರೂ ಆದರೆ ವೈದ್ಯ ತಪ್ಪಿಸಿಕೊಂಡು ಹೋಗಲು ಕುದುರೆಗಳನ್ನು ಸಿದ್ಧವಾಗಿ ಇಡಿಸಿದ್ದಳಂತೆ. ಆಕೆಯ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಆಕೆಗೆ ಹಾಕಿದ ಕೀವು ಎಲ್ಲಿಂದ ಬಂತು? ಅಲೆಕ್ಸಾಂಡರ್ ಮಾರ್ಕೊವ್ ಎಂಬ ಸಿಡುಬು ಬಂದ ಬಾಲಕನ ಮೈಯಿಂದ. ಹಾಗೆ ಕೀವು ಕೊಟ್ಟವನಿಗೆ ಕೇಡಾಗುತ್ತದೆ ಎಂಬ ಭಯ ಆಗಿನ ಜನರಲ್ಲಿತ್ತು. ಬಾಲಕ ಬದುಕಿದ, ಅವನಿಗೆ ಸಿಡುಬನ್ನೇ ಸೂಚಿಸುವ 'ಓಸ್ಪೆನ್ನಿ' ಎಂಬ ಉಪನಾಮದೊಡನೆ ಕುಲೀನ ಪದವಿ ಕೊಟ್ಟಳು ರಾಣಿ. ವೈದ್ಯನಿಗೆ 10,000 ಪೌಂಡ್, ಮೇಲೆ ವರ್ಷಕ್ಕೆ 500 ಪೌಂಡ್, ಬ್ಯಾರನ್ ಪದವಿ.

ಅದೇ 1768ರಲ್ಲಿ, ಅದೇ ಸೂಜಿ, ಜಮೈಕ ದ್ವೀಪದಲ್ಲಿ. ಅಲ್ಲಿನ ಕಬ್ಬಿನ ತೋಟಗಳ ವೈದ್ಯ ಜಾನ್ ಕ್ವಾಯರ್ ಎಂಟುನೂರಕ್ಕೂ ಹೆಚ್ಚು ಗುಲಾಮರಿಗೆ ಸಿಡುಬು ಹಾಕಿದ. ಹಾಕುತ್ತಾ ಹಾಕುತ್ತಾ ತನ್ನ ಕುತೂಹಲಗಳನ್ನೂ ತೀರಿಸಿಕೊಂಡ. ಬಸುರಿಯರಿಗೆ ಹಾಕಿದರೆ ಏನಾಗುತ್ತದೆ, ಹಸುಗೂಸುಗಳಿಗೆ ಹಾಕಿದರೆ ಏನು, ಒಬ್ಬನಿಗೇ ಮತ್ತೆ ಮತ್ತೆ ಹಾಕಿದರೆ ಏನು, ಎಲ್ಲವನ್ನೂ ಪತ್ರಗಳಲ್ಲಿ ಬರೆದು ಲಂಡನ್ನಿಗೆ ಕಳಿಸಿದ. 1778ರಲ್ಲಿ ಅವು ಅಚ್ಚಾದವು. ಅವರ ಒಪ್ಪಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ, ಒಪ್ಪಿಗೆ ಒಡೆಯನದ್ದು. ಸಿಡುಬಿನಿಂದ ಗುಲಾಮ ಸತ್ತರೆ ನಷ್ಟ ಅವನಿಗೆ ತಾನೆ! ಇಲ್ಲೂ ಬರ್ನೌಲಿಯ ಲೆಕ್ಕ ಸರಿಯಾಗಿಯೇ ಕೆಲಸ ಮಾಡುತ್ತದೆ, ಬಹುಪಾಲು ಮಂದಿ ಬದುಕುಳಿದರು. ಲೆಕ್ಕ ಸರಿಯಿದ್ದೂ ಕೆಲಸ ಅನ್ಯಾಯದ್ದಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒನೆಸಿಮಸ್ ಕಲಿಸಿಕೊಟ್ಟ ವಿದ್ಯೆ ಒನೆಸಿಮಸ್‌ನವರ ಮೈಮೇಲೆಯೇ ಅವರನ್ನು ಕೇಳದೆ ಪ್ರಯೋಗವಾಯಿತು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. 2000ದ ದಶಕದಲ್ಲಿ ಉತ್ತರ ಪ್ರದೇಶದ ಪಶ್ಚಿಮದ ಜಿಲ್ಲೆಗಳಲ್ಲಿ ಹಲವು ಮುಸ್ಲಿಮ್ ಕುಟುಂಬಗಳು ಪೋಲಿಯೊ ಹನಿಯನ್ನು ನಿರಾಕರಿಸಿದಾಗ, ಅದು ಸಂತಾನಹೀನತೆ ತರುವ ಸಂಚು ಎಂಬ ವದಂತಿಯನ್ನು ನಂಬಿದಾಗ, ಅಜ್ಞಾನಿಗಳು, ಮತಾಂಧರು ಎಂದು ಪತ್ರಿಕೆಗಳು ಬೈದವು. ವದಂತಿ ಸುಳ್ಳಾಗಿತ್ತು, ಅದರಿಂದ ಅಂಗವಿಕಲರಾದದ್ದು ನಮ್ಮದೇ ಮಕ್ಕಳು. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುಳ್ಳಿಗೆ ನೆಲ ಹದವಾಗಿತ್ತು. ಸರಕಾರಿ ವೈದ್ಯರ ಕೈಯಲ್ಲಿ ಮಕ್ಕಳಾಗದಂತೆ ಮಾಡಿಸಿಕೊಂಡ ನೆನಪು ಆ ಭಾಗದಲ್ಲಿ ಹಳೆಯದಾಗಿರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ನವೆಂಬರ್‌ನಲ್ಲಿ, ಹರಿಯಾಣದ ಉತ್ತಾವರ್ ಎಂಬ ಮೇವ್ ಮುಸ್ಲಿಮರ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದ್ದು ದಾಖಲಾದ ಸಂಗತಿ. ಮೋರಿ, ಶಾಲೆ, ಆಸ್ಪತ್ರೆ ಯಾವುದಕ್ಕೂ ಬಾರದ ಸರಕಾರ ಎರಡು ಹನಿ ಹಿಡಿದುಕೊಂಡು ಮಾತ್ರ ಮತ್ತೆ ಮತ್ತೆ ಬಾಗಿಲು ತಟ್ಟಿದರೆ ಸಂಶಯ ಹುಟ್ಟುವುದು ಸಹಜ. ಅಂಕಿಗಳ ಭಾಷಣದಿಂದ ಆ ಸಂಶಯ ಹೋಗಲಿಲ್ಲ. ಅಲಿಗಢ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್‌ನಂತಹ ಸಂಸ್ಥೆಗಳು ಕೈಜೋಡಿಸಿದವು, ಮಸೀದಿಗಳ ಧ್ವನಿವರ್ಧಕಗಳಿಂದ ಪ್ರಕಟಣೆ ಕೇಳಿಬಂತು, ಅದೇ ಮೊಹಲ್ಲಾದ ಹೆಂಗಸರು ಮನೆಮನೆಗೆ ಹೋದರು. ಭಾರತದ ಕೊನೆಯ ಪೋಲಿಯೊ ಪ್ರಕರಣ ಹೌರಾದಲ್ಲಿ ದಾಖಲಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಬಾಗಿಲು ತೆರೆಸಿದ್ದು ಪರಿಚಯದ ಮುಖ.

ಮತ್ತೆ ಫ್ರಾಂಕ್ಲಿನ್‌ಗೆ ಮರಳುತ್ತೇನೆ. ಮಗ ಸತ್ತು 23 ವರ್ಷಗಳಾಗಿದ್ದವು. 1759ರಲ್ಲಿ ಲಂಡನ್ನಿನಲ್ಲಿದ್ದಾಗ ಆತ ಹೆಬರ್ಡನ್ ಎಂಬ ವೈದ್ಯನೊಡನೆ ಸೇರಿ ಒಂದು ಪುಸ್ತಿಕೆ ತಂದ. ಬೋಸ್ಟನ್ನಿನ 1752ರ ಸಿಡುಬಿನ ಅಂಕಿಗಳನ್ನು ಫ್ರಾಂಕ್ಲಿನ್ ಅದರ ಮುನ್ನುಡಿಯಲ್ಲಿ ಕೊಟ್ಟ: ಸಹಜವಾಗಿ ಬಂದ ಸುಮಾರು ಐದೂವರೆ ಸಾವಿರ ಮಂದಿಯಲ್ಲಿ ಸತ್ತವರು ಐನೂರಕ್ಕೂ ಹೆಚ್ಚು, ಹಾಕಿಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸತ್ತವರು ಮೂವತ್ತರಷ್ಟು. ಅಂಕಿಗಳಲ್ಲಿ ಹೊಸದೇನಿರಲಿಲ್ಲ. ಆದರೆ ಅದರಲ್ಲಿ ಆತ ಬರ್ನೌಲಿ, ದಲಾಂಬೇರ್ ಇಬ್ಬರೂ ಮುಟ್ಟದ ಇನ್ನೊಂದು ಕಾರಣವನ್ನು ಹೇಳಿದ. ಜನ ಹಿಂಜರಿಯುವುದು ಧರ್ಮದ ಅಳುಕಿನಿಂದ ಮಾತ್ರವಲ್ಲ, ಮನೆ ತುಂಬ ಮಕ್ಕಳಿರುವ ಕೆಲಸಗಾರನಿಗೆ ಅಷ್ಟು ಮಕ್ಕಳಿಗೂ ವೈದ್ಯರ ಫೀಸು ಕೊಡುವ ಶಕ್ತಿಯಿಲ್ಲ ಎಂದು. ಅದಕ್ಕಾಗಿ ಹೆಬರ್ಡನ್, ವೈದ್ಯರಿಲ್ಲದೆ ತಂದೆ ತಾಯಿಯೇ ಮನೆಯಲ್ಲಿ ಹೇಗೆ ಹಾಕಬಹುದು, ಯಾವ ಮಗುವಿಗೆ ಹಾಕಬಾರದು, ಜ್ವರ ಬಂದಾಗ ಹೇಗೆ ನೋಡಿಕೊಳ್ಳಬೇಕು ಎಂದು ಯಾರಿಗಾದರೂ ಅರ್ಥವಾಗುವ ಸರಳ ಮಾತಿನಲ್ಲಿ ಬರೆದ. ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿ ಒಂದು ದೊಡ್ಡ ಕಟ್ಟನ್ನು ಫ್ರಾಂಕ್ಲಿನ್‌ಗೆ ಕೊಟ್ಟ. ಫ್ರಾಂಕ್ಲಿನ್ ಅವನ್ನು ಅಮೆರಿಕಕ್ಕೆ ಕಳಿಸಿ ಹಣ ತೆಗೆದುಕೊಳ್ಳದೆ ಹಂಚಿಸಿದ.